ನಾಲ್ಕು ಇಂಚಿನ ಪೈಪು

ದೇರಳಕಟ್ಟೆಯಿಂದ ಸ್ಕೂಟರಲ್ಲಿ ಬಂದ ಮುಬೀನಾ
ಬ್ಯಾಗಿನಿಂದ ಎರಡು ಪ್ಲಾಸ್ಟಿಕ್ ಡಬ್ಬಿ ತೆಗೆದಳು,
ಮದುವೆ ಊಟದ ಐಸ್‌ಕ್ರೀಂ ಕಪ್ಪಿನಷ್ಟು ದೊಡ್ಡವು,
ಒಳಗೆ ಉಗುರಗಲದ ಫಿಲ್ಮು.
ಹಾಲಿನಲ್ಲಿ ಒಂದು, ನಮ್ಮ ಮಲಗುವ ಕೋಣೆಯಲ್ಲಿ ಒಂದು,
ಗೋಡೆಗೆ ತಾಗದ ಹಾಗೆ ತೂಗಿಸಿ
ತೊಂಬತ್ತು ದಿನ ಮುಟ್ಟಬೇಡಿ ಆಂಟಿ, ಅಂದಳು.

ಇದರಲ್ಲಿ ಎಂತ ಹಿಡಿಯುವುದು?
ರೇಡಾನ್. ನೆಲದಿಂದ ಏಳುವ ಅನಿಲ.
ಬಣ್ಣ ಇಲ್ಲ, ವಾಸನೆ ಇಲ್ಲ.
ಮತ್ತೆ ಉಂಟು ಅಂತ ಹೇಗೆ ಗೊತ್ತು, ಅಂದ ವಲೇರಿಯನ್.
ಮಾಂಯ್ ಅಲ್ತಾರಿನ ದೀಪಕ್ಕೆ ಎಣ್ಣೆ ಹೊಯ್ಯುತ್ತಾ ಹೇಳಿದರು:
ಕಾಣದ್ದನ್ನು ನಂಬುವುದು ಈ ಮನೆಗೆ ಹೊಸತಾ?

ಫಾರ್ಮಿನಲ್ಲಿ ಒಂದು ಪ್ರಶ್ನೆ, ಮನೆಯಲ್ಲಿ ಯಾರಾದರೂ ಸಿಗರೇಟು?
ನಾನು ಫ್ಯಾನು ನೋಡಿದೆ. ಮಾಂಯ್ ಫ್ಯಾನು ನೋಡಿದರು.
ವಲೇರಿಯನ್ ಕೂಡ ಫ್ಯಾನನ್ನೇ ನೋಡಿದ.

ಮೂರು ಮುಕ್ಕಾಲು ದಿನಕ್ಕೆ ಅದರ ಅರ್ಧ ಸಾಯುತ್ತದಂತೆ,
ಸಾಯುತ್ತಾ ಹೆರುವ ಮಗಳು-ಧಾತುಗಳೇ
ಧೂಳಿಗೆ ಅಂಟಿ ಎದೆಯೊಳಗೆ ಕೂರುವುದಂತೆ.
ಅದರಲ್ಲೂ ಹೆಣ್ಣುಮಕ್ಕಳದ್ದೇ ತಪ್ಪಾ, ಕೇಳಿದರು ಮಾಂಯ್.
ಮುಬೀನಾಳಲ್ಲಿ ಉತ್ತರ ಇರಲಿಲ್ಲ. ಚಹಾ ಕುಡಿದಳು.

ನಾವು ಅದರ ಕೆಳಗೆ ಮಲಗಿದೆವು.
ಏಸಿ ಹಾಕಿ, ಕಿಟಕಿ ಮುಚ್ಚಿ.
ಬಜ್ಜೋಡಿಯಲ್ಲಿ ಮಲೇರಿಯಾ ಮನೆಮನೆ ತಿರುಗಿದ ವರ್ಷ
ಆರು ಗಂಟೆಗೆ ಕಿಟಕಿ ಹಾಕಿ ಎಂದು ಕಲಿಸಿದವರೂ
ಹೀಗೇ ಫಾರ್ಮು ಹಿಡಿದು ಬಂದವರೇ.

ಫಿಲ್ಮನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಬೇಯಿಸುತ್ತಾರೆ.
ನೋಡಬೇಕೆಂದು ನಾನೇ ಬಸ್ಸು ಹಿಡಿದು ಹೋದೆ.
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ
ನೀರ್‌ದೋಸೆ.
ಕಾದ ಕಾವಲಿಗೆ ಹಿಟ್ಟು ಹೊಯ್ದ ಕೂಡಲೇ ಬಿಡುವ ಕಣ್ಣುಗಳು,
ಒಂದರ ಮೈಮೇಲೆ ಒಂದು.
ಹಾಲಿನದ್ದು ಹಿಟ್ಟು ದಪ್ಪವಾದ ದೋಸೆ,
ಅಲ್ಲೊಂದು ಇಲ್ಲೊಂದು.
ಮೂವತ್ತೆಂಟು, ಮುನ್ನೂರ ನಲವತ್ತು, ಎಂದು ಬರೆದುಕೊಂಡು
ಮುಬೀನಾ ಪೆನ್ನಿನ ಮುಚ್ಚಳ ಹಾಕಿದಳು:
ಆ ಕೋಣೆಯ ಅಡಿಯಲ್ಲಿ ಎಂತ ಉಂಟು ಆಂಟಿ?

ಬಾವಿ ಉಂಟು.

ನಮ್ಮ ಮದುವೆಯ ವರ್ಷ ಒಂದು ಕೋಣೆ ಸಾಲದೆ
ಒಡೆದ ಹೆಂಚು, ಕೆಂಪುಕಲ್ಲಿನ ಚೂರು, ಯಾರದೋ ಸೈಟಿನ ಮಣ್ಣು
ಎಂಟು ಲಾರಿ ಸುರಿದು ಮುಚ್ಚಿದ್ದು.
ಅಂಗಳದಲ್ಲಿ ನಿಂತು ಮಾಂಯ್ ಹೇಳಿದ್ದರು,
ಮುಚ್ಚುವುದಾದರೆ ಮುಚ್ಚಿ, ಒಂದು ಕೊಳವೆ ಇಟ್ಟು ಮುಚ್ಚಿ,
ಬಾವಿಗೆ ಉಸಿರು ಬೇಕು.
ಕಂಟ್ರಾಕ್ಟರು ನಕ್ಕ. ವಲೇರಿಯನ್ ನಕ್ಕ.
ನಾನು ಹೊಸ ಸೊಸೆ,
ಯಾವ ಕಡೆ ಸೇರಬೇಕೆಂದು ತಿಳಿಯದೆ ನಕ್ಕಿದ್ದೆ.
ಮೇಲೆ ಕಾಂಕ್ರೀಟು, ಅದರ ಮೇಲೆ ಗ್ರಾನೈಟು, ಅದರ ಮೇಲೆ ನಮ್ಮ ಮಂಚ.

ಈಗ ಮುಬೀನಾ ಕೊಟ್ಟ ಕಾಗದದಲ್ಲಿ ಇಷ್ಟೇ:
ನೆಲ ಕೊರೆದು ನಾಲ್ಕು ಇಂಚಿನ ಪೈಪು ಇಳಿಸುವುದು,
ತಾರಸಿಯಿಂದ ಮೇಲೆ ಹೋಗಬೇಕು, ತುದಿಯಲ್ಲಿ ಸಣ್ಣ ಫ್ಯಾನು,
ನೆಲದ ಬಿರುಕೆಲ್ಲ ಮುಚ್ಚುವುದು, ಕಿಟಕಿ ತೆರೆಯುವುದು.
ಮಾಂಯ್ ನನ್ನಿಂದ ಎರಡು ಸಲ ಓದಿಸಿದರು.
ಎರಡನೆಯ ಸಲ ಗಟ್ಟಿಯಾಗಿ,
ಗೇಟಿನ ಹತ್ತಿರ ಸಿಗರೇಟು ಹಚ್ಚಿದವನಿಗೂ ಕೇಳುವ ಹಾಗೆ.
ಆಮೇಲೆ ಮೀನು ಹೆಚ್ಚಲು ಹೋದರು.

ಮೇಸ್ತ್ರಿ ಸೇಸಪ್ಪ ಗ್ರಾನೈಟು ಎಬ್ಬಿಸಿದ ದಿನ
ಗುಂಡಿಯಿಂದ ಹಳೆಯ ಹೆಂಚಿನ ಚೂರು ಬಂತು,
ಒಂದು ಹಗ್ಗದ ತುಂಡು, ಕೊಡಪಾನದ ಕಂಠ.
ಎಲ್ಲರೂ ಬಗ್ಗಿ ಮೂಸಿದೆವು.
ವಾಸನೆ ಇರುವುದಿಲ್ಲ ಎಂದು ಗೊತ್ತಿದ್ದೂ.

ಕಿಟಕಿಗೆ ಈಗ ಸೊಳ್ಳೆಬಲೆ. ರಾತ್ರಿ ರೈಲಿನ ಸದ್ದು ಒಳಗೇ ಬರುತ್ತದೆ.
ಪೈಪಿಗೆ ಮಾಂಯ್ ಒದ್ದೆ ಬೈರಾಸು ಕಟ್ಟಿ ಒಣಗಿಸುತ್ತಾರೆ,
ಬೇಡವೆನ್ನುವ ಧೈರ್ಯ ವಲೇರಿಯನ್‌ಗೆ ಇಲ್ಲ, ನನಗೂ ಇಲ್ಲ.

ಹೊಸ ಡಬ್ಬಿ ತೂಗುತ್ತಿದೆ, ಇನ್ನು ಐವತ್ತೆರಡು ದಿನ.
ಯಾರೂ ಮುಟ್ಟುವಂತಿಲ್ಲ.
ಅದರ ದಾರಕ್ಕೆ ಜೇಡವೊಂದು ಬಲೆ ಕಟ್ಟಿದೆ.
ಅದಕ್ಕೆ ಯಾರೂ ಹೇಳಿಲ್ಲ.